ಬರೆದವನಿಗೇ ಆ ಬೀದಿಯಲ್ಲಿ ಮನೆಯಿರಲಿಲ್ಲ

1960ರಲ್ಲಿ ಮ್ಯಾಂಚೆಸ್ಟರಿನ ಗ್ರನಾಡಾ ಟೆಲಿವಿಷನ್ ಕಚೇರಿಯಲ್ಲಿ ಟೋನಿ ವಾರೆನ್ ಎಂಬ ಹುಡುಗ ಫೈಲು ಇಡುವ ಬೀರುವಿನ ಮೇಲೆ ಹತ್ತಿ ಕೂತುಬಿಟ್ಟ. ವಯಸ್ಸು ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಬಿಗಲ್ಸ್ ಎಂಬ ವಿಮಾನಿಯ ಸಾಹಸದ ಕಥೆಗಳನ್ನು ಟಿವಿಗೆ ಹೊಂದಿಸುವ ಕೆಲಸ ಕೊಟ್ಟಿದ್ದರು, ಅದು ಅವನಿಗೆ ತಲೆಚಿಟ್ಟು ಹಿಡಿಸಿತ್ತು. ನನಗೆ ಗೊತ್ತಿರುವುದನ್ನು ಬರೆಯಲು ಬಿಡುವ ತನಕ ಕೆಳಗಿಳಿಯುವುದಿಲ್ಲ ಅಂತ ಹಟ ಹಿಡಿದ. ಹ್ಯಾರಿ ಎಲ್ಟನ್ ಎಂಬ ಕೆನಡಾದ ನಿರ್ಮಾಪಕ, ಹಾಗಾದರೆ ಬರೆದುಕೊಂಡು ಬಾ ನೋಡೋಣ ಎಂದು ಒಂದು ದಿನದ ಗಡುವು ಕೊಟ್ಟ.

ವಾರೆನ್‌ಗೆ ಗೊತ್ತಿದ್ದದ್ದು ಹೆಂಗಸರ ಮಾತು. ಚಿಕ್ಕಂದಿನಲ್ಲಿ ಅಜ್ಜಿ ಮನೆಯ ಅಡುಗೆಮನೆಯಲ್ಲಿ ಮೇಜಿನ ಕೆಳಗೆ ಕೂತು, ಮೇಲೆ ನಡೆಯುತ್ತಿದ್ದ ಹರಟೆಯನ್ನೆಲ್ಲ ಕಿವಿಗೆ ತುಂಬಿಕೊಂಡು ಬೆಳೆದವನು. ರಾತ್ರೋರಾತ್ರಿ ಮೊದಲ ಕಂತು ಬರೆದ. ಸಾಲುಮನೆಗಳ ಒಂದು ಬೀದಿ, ಒಂದು ಪಬ್ಬು, ಮೂಲೆಯಲ್ಲೊಂದು ಕಿರಾಣಿ ಅಂಗಡಿ, ಒಂದು ಪ್ರಾರ್ಥನೆಯ ಹಾಲ್. ಬೀದಿಗೆ ಫ್ಲೋರಿಜೆಲ್ ಸ್ಟ್ರೀಟ್ ಅಂತ ಹೆಸರಿಟ್ಟಿದ್ದ. ಕಚೇರಿಯಲ್ಲಿ ಟೀ ಕೊಡುತ್ತಿದ್ದ ಆಗ್ನೆಸ್ ಎಂಬಾಕೆ, ಇದೇನು ಫಿನಾಯಿಲಿನ ಹೆಸರಿನ ಹಾಗಿದೆಯಲ್ಲ ಅಂದಳಂತೆ. ಹೆಸರು ಕೊರೊನೇಷನ್ ಸ್ಟ್ರೀಟ್ ಆಯಿತು. 1960ರ ಡಿಸೆಂಬರ್ 9ರಂದು ಶುರುವಾದ ಧಾರಾವಾಹಿ ಇವತ್ತಿಗೂ ನಡೆಯುತ್ತಿದೆ. ಕೂದಲಿಗೆ ಜಾಲರಿ ಕಟ್ಟಿಕೊಂಡು ಊರಿಗೆಲ್ಲ ಬುದ್ಧಿ ಹೇಳುವ ಏನಾ ಶಾರ್ಪಲ್ಸ್, ಗಂಡಸರನ್ನು ನಂಬಿ ಕೆಟ್ಟರೂ ತಲೆ ಬಗ್ಗಿಸದ ಎಲ್ಸಿ ಟ್ಯಾನರ್, ಪಬ್ಬಿನ ಗಲ್ಲೆಯಲ್ಲಿ ರಾಣಿಯ ಹಾಗೆ ನಿಲ್ಲುವ ಆನಿ ವಾಕರ್: ಬ್ರಿಟನ್ನಿನ ಮನೆಮನೆಯಲ್ಲಿ ಇವರು ಸ್ವಂತ ನೆಂಟರಾದರು.

ಇಂಥ ಬಾಯಿ ಜೋರಿನ ಹೆಂಗಸರನ್ನು ಸೃಷ್ಟಿಸಿದ ವಾರೆನ್ ಗೇ. ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೆಚ್ಚು ಹೋಗಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಗಂಡಸರಿಬ್ಬರ ಸಂಬಂಧ ಜೈಲಿಗೆ ಹಾಕುವ ಅಪರಾಧ. 1957ರ ವುಲ್ಫೆಂಡನ್ ವರದಿ ಅದನ್ನು ತೆಗೆಯಿರಿ ಎಂದಿತ್ತು, ಸರ್ಕಾರ ಹತ್ತು ವರ್ಷ ಕೂತು ಯೋಚನೆ ಮಾಡಿ 1967ರಲ್ಲಿ ತೆಗೆಯಿತು, ಅದೂ ಇಪ್ಪತ್ತೊಂದು ದಾಟಿದವರಿಗೆ, ಬಾಗಿಲು ಹಾಕಿದ ಕೋಣೆಯೊಳಗೆ ಮಾತ್ರ. ಕಥೆ ಕಟ್ಟುವ ಸಭೆಗಳಲ್ಲಿ ಸಲಿಂಗಿಗಳ ಮೇಲೆ ಜೋಕು ಹಾರುತ್ತಿದ್ದವು. ಒಂದು ದಿನ ವಾರೆನ್ ಎದ್ದು ನಿಂತು, ಅಂಥವನೊಬ್ಬ ಇಲ್ಲದಿದ್ದರೆ ನಿಮಗಾರಿಗೂ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ ಎಂದು ನೆನಪು ಮಾಡಿಕೊಟ್ಟ. ಸಭೆ ತೆಪ್ಪಗಾಯಿತು. ಆದರೆ ಅವನು ಕಟ್ಟಿದ ಬೀದಿಯಲ್ಲಿ ಅವನಂಥವನಿಗೆ ಒಂದು ಬಾಡಿಗೆ ಕೋಣೆಯೂ ಸಿಗಲಿಲ್ಲ. ಕೊರೊನೇಷನ್ ಸ್ಟ್ರೀಟಿನಲ್ಲಿ ಇಬ್ಬರು ಹುಡುಗರ ನಡುವೆ ಒಂದು ಮುತ್ತು ಕಾಣಿಸಿಕೊಂಡದ್ದು 2003ರಲ್ಲಿ.

ನಾನು ಈ ಬೀದಿಗೆ ಬಂದದ್ದು 1985ರ ಚಳಿಗಾಲದಲ್ಲಿ, ಟಿವಿಯ ಮೂಲಕ. ನಮ್ಮ ಯಜಮಾನರಿಗೆ ಮ್ಯಾಂಚೆಸ್ಟರಿನ ಪಕ್ಕದ ಓಲ್ಡಮ್‌ನಲ್ಲಿ ಡಾಕ್ಟರ್ ಕೆಲಸ. ಸಕಲೇಶಪುರದ ಮಳೆ ಕಂಡವಳಿಗೆ ಇಲ್ಲಿನ ಮಳೆ ಹೊಸದಾಗಿರಲಿಲ್ಲ, ಇಲ್ಲಿನವರ ಇಂಗ್ಲಿಷು ಮಾತ್ರ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತಳಾದ ಮುದುಕಿ ಒಬ್ಬಳೇ ಇದ್ದಳು. ಸೋಮವಾರ, ಬುಧವಾರ ಸಂಜೆ ಏಳೂವರೆಗೆ ಈ ಧಾರಾವಾಹಿ ನೋಡಲು ಗೋಡೆ ತಟ್ಟಿ ಕರೆಯುತ್ತಿದ್ದಳು. ಅವಳ ಮನೆಯ ಗ್ಯಾಸ್ ಒಲೆಯ ಮುಂದೆ ಕಾಲು ಚಾಚಿಕೊಂಡು, ಬಿಸ್ಕತ್ತು ಅದ್ದಿಕೊಂಡು ನಾನು ಈ ದೇಶದ ಭಾಷೆ ಕಲಿತೆ. ಯಾರು ಯಾರನ್ನು ಬಿಟ್ಟರು, ಯಾಕೆ ಬಿಟ್ಟರು ಎಂಬುದಕ್ಕೆಲ್ಲ ಅವಳ ವ್ಯಾಖ್ಯಾನ ಇರುತ್ತಿತ್ತು. ಆಮೇಲೆ ಕೌನ್ಸಿಲ್ಲಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಬಾಯಲ್ಲಿ ಗಿರಣಿಯ ಇಂಗ್ಲಿಷು ಬರುತ್ತದೆ ಅಂತ ಎಲ್ಲರೂ ನಗುತ್ತಿದ್ದರು.

ನಾನು ಬರುವ ತನಕ ಇಲ್ಲಿನ ಟಿವಿಯಲ್ಲಿ ಸಲಿಂಗಿಗಳು ಇರಲೇ ಇಲ್ಲ ಅಂತಲ್ಲ. ಇದೇ ಗ್ರನಾಡಾ 1959ರಲ್ಲೇ ‘ಸೌತ್’ ಎಂಬ ನಾಟಕ ತೋರಿಸಿತ್ತು. ಅಮೆರಿಕದ ಅಂತರ್ಯುದ್ಧದ ಹೊಸ್ತಿಲಲ್ಲಿ ಪೋಲೆಂಡಿನ ಅಧಿಕಾರಿಯೊಬ್ಬ ಇನ್ನೊಬ್ಬ ಗಂಡಸಿಗೆ ಮನಸೋಲುವ ಕಥೆ. ಪೀಟರ್ ವಿನ್‌ಗಾರ್ಡ್ ನಟಿಸಿದ್ದು. ಪ್ರಸಾರವಾಗಿ ಮರೆತೇಹೋಗಿದ್ದ ಅದನ್ನು 2013ರಲ್ಲಿ ಹಳೆಯ ಸಂಗ್ರಹದಿಂದ ಮತ್ತೆ ಹೊರತೆಗೆದರು. 1975ರಲ್ಲಿ ಜಾನ್ ಹರ್ಟ್ ಎಂಬ ನಟ ಟಿವಿ ನಾಟಕವೊಂದರಲ್ಲಿ ಕ್ವೆಂಟಿನ್ ಕ್ರಿಸ್ಪ್ ಎಂಬ ನಿಜವಾದ ವ್ಯಕ್ತಿಯ ಪಾತ್ರ ಮಾಡಿದ. ತುಟಿಗೆ ಬಣ್ಣ ಹಚ್ಚಿ, ಕೂದಲಿಗೆ ಗೋರಂಟಿ ಹಾಕಿ, ಹೊಡೆತ ತಿಂದರೂ ಲಂಡನ್ನಿನ ಬೀದಿಯಲ್ಲಿ ಮೂವತ್ತರ ದಶಕದಲ್ಲೇ ತಲೆಯೆತ್ತಿ ಓಡಾಡಿದವನು ಕ್ರಿಸ್ಪ್. ಒಳ್ಳೆಯ ನಾಟಕ, ಪ್ರಶಸ್ತಿಯೂ ಬಂತು. ಆದರೆ ಇಂಥವು ಒಂದೂವರೆ ಗಂಟೆಯ ಅತಿಥಿಗಳು. ಬಂದರು, ಹೋದರು.

ವಾರವಾರ ಬರುತ್ತಿದ್ದವನೆಂದರೆ ಮಿಸ್ಟರ್ ಹಂಫ್ರೀಸ್. ‘ಆರ್ ಯೂ ಬೀಯಿಂಗ್ ಸರ್ವ್ಡ್?’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಬಟ್ಟೆ ಅಂಗಡಿಯ ನೌಕರ. 1972ರಿಂದ 1985ರ ತನಕ ಜಾನ್ ಇನ್ಮನ್ ಈ ಪಾತ್ರ ಮಾಡಿದ. ಗಿರಾಕಿ ಬಂದರೆ ಸೊಂಟ ಬಳುಕಿಸಿಕೊಂಡು ಬಂದು ‘ಐಯಾಮ್ ಫ್ರೀ’ ಎನ್ನುತ್ತಿದ್ದ, ದೇಶ ಬಿದ್ದು ಬಿದ್ದು ನಗುತ್ತಿತ್ತು. ಅವನು ಗೇ ಅಂತ ಎಲ್ಲರಿಗೂ ಗೊತ್ತು, ಹಾಗಂತ ಯಾರೂ ಹೇಳುವಂತಿಲ್ಲ. ಅವನಿಗೊಬ್ಬಳು ತಾಯಿ ಇದ್ದಳು, ಗೆಳೆಯ ಅಂತ ಯಾರೂ ತೆರೆಯ ಮೇಲೆ ಬರಲಿಲ್ಲ. ಗೇ ಸಂಘಟನೆಗಳಿಗೆ ಇದು ಅವಮಾನ ಅನ್ನಿಸಿತು. ನನಗೆ ಮಾತ್ರ ಹಂಫ್ರೀಸ್ ಮೇಲೆ ಈಗಲೂ ಪ್ರೀತಿ. ಆ ಅಂಗಡಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕತ್ತಿ ಮಸೆಯುತ್ತಿದ್ದಾಗ ಸಭ್ಯನಾಗಿದ್ದವನು ಅವನು. ನಮ್ಮ ಕನ್ನಡ ಸಿನಿಮಾಗಳಲ್ಲಿ ಹೆಣ್ಣಿಗನ ಪಾತ್ರ ಅಂತ ಒದೆ ತಿನ್ನಿಸಲು ತಂದು ನಿಲ್ಲಿಸುತ್ತಿದ್ದರಲ್ಲ, ಅದಕ್ಕೆ ಹೋಲಿಸಿದರೆ ಹಂಫ್ರೀಸ್‌ಗೆ ಮರ್ಯಾದೆ ಇತ್ತು, ಸಂಬಳವೂ ಇತ್ತು.

ಅದೇ 1985ರಲ್ಲಿ ಎರಡು ಸಂಗತಿ ನಡೆದವು. ಚಾನೆಲ್ 4 ಟಿವಿಗೆಂದೇ ಕಡಿಮೆ ಖರ್ಚಿನಲ್ಲಿ ಮಾಡಿಸಿದ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ಎಡಿನ್‌ಬರಾ ಚಿತ್ರೋತ್ಸವದಲ್ಲಿ ಮೆಚ್ಚುಗೆ ಪಡೆದು ಥಿಯೇಟರಿಗೆ ಹೋಯಿತು. ಹನೀಫ್ ಕುರೇಶಿ ಬರೆದದ್ದು. ಲಂಡನ್ನಿನ ಪಾಕಿಸ್ತಾನಿ ಮನೆತನದ ಓಮರ್ ಎಂಬ ಹುಡುಗ, ಜಾನಿ ಎಂಬ ಬಿಳಿಯ ಪುಂಡನ ಜೊತೆ ಸೇರಿ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಾನೆ. ಇಬ್ಬರೂ ಪ್ರೇಮಿಗಳು. ಅದರಲ್ಲಿ ನಟ ಸಯೀದ್ ಜಾಫ್ರಿ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ನಮ್ಮ ಡಾಕ್ಟರ್ ಬಳಗದ ನಾಲ್ಕೈದು ಸಂಸಾರಗಳು ಒಂದು ಭಾನುವಾರ ಕ್ಯಾಸೆಟ್ಟು ತಂದು, ಚಿತ್ರಾನ್ನ ಮೊಸರನ್ನ ಮಾಡಿಕೊಂಡು ಕೂತೆವು. ಅಂಗಡಿಯ ಉದ್ಘಾಟನೆಯ ದಿನ ಹೊರಗೆ ಜಾಫ್ರಿ ತಮ್ಮ ಪ್ರೇಯಸಿಯ ಜೊತೆ ಕುಣಿಯುತ್ತಿರುತ್ತಾರೆ, ಗಾಜಿನ ಹಿಂದಿನ ಕೋಣೆಯಲ್ಲಿ ಹುಡುಗರಿಬ್ಬರು ಅಪ್ಪಿಕೊಂಡಿರುತ್ತಾರೆ. ಮನೆಯಾಕೆ ಕಾಫಿ ಬೆರೆಸುತ್ತೇನೆ ಅಂತ ಎದ್ದಳು. ಅವಳ ಹಿಂದೆ ನಾವು ಹೆಂಗಸರೆಲ್ಲ ಎದ್ದೆವು. ಒಂದು ಕಾಫಿ ಬೆರೆಸಲು ಐದು ಜನ! ಗಂಡಸರು ಟಿವಿ ಬಿಟ್ಟು ಛಾವಣಿ ನೋಡುತ್ತ ಕೂತರು. ಹೆಂಡತಿಯಿದ್ದೂ ಪ್ರೇಯಸಿಯೊಂದಿಗೆ ಕುಣಿಯುತ್ತಿದ್ದ ಜಾಫ್ರಿಯ ಬಗ್ಗೆ ಯಾರಿಗೂ ಮುಜುಗರ ಆಗಲಿಲ್ಲ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಎರಡನೆಯದು ಬಿಬಿಸಿಯ ‘ಈಸ್ಟ್‌ಎಂಡರ್ಸ್’. ಲಂಡನ್ನಿನ ಪೂರ್ವ ಭಾಗದ ಆಲ್ಬರ್ಟ್ ಸ್ಕ್ವೇರ್ ಎಂಬ ಕಲ್ಪಿತ ಚೌಕ, ಸುತ್ತ ಮನೆಗಳು, ಸಂತೆಬೀದಿ. ಜೂಲಿಯಾ ಸ್ಮಿತ್, ಟೋನಿ ಹಾಲಂಡ್ ಇಬ್ಬರೂ ಸೇರಿ ಹುಟ್ಟಿಸಿದ್ದು. ಹಾಲಂಡ್ ಕೂಡ ಗೇ. ಇಲ್ಲಿ ವ್ಯತ್ಯಾಸ ಏನೆಂದರೆ, ಹಾಲಂಡ್ ತನ್ನಂಥವನಿಗೆ ಮನೆ ಕೊಟ್ಟ. 1986ರಲ್ಲಿ ಕಾಲಿನ್ ಎಂಬ ಡಿಸೈನರ್ ಚೌಕಕ್ಕೆ ಬಾಡಿಗೆಗೆ ಬಂದ. ಮೈಕಲ್ ಕ್ಯಾಶ್‌ಮನ್ ನಟ. ಸಂತೆಯಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ ಎಂಬ ಹುಡುಗ ಅವನ ಜೊತೆಗಾರನಾದ. ಎಷ್ಟು ಜನ ನೋಡುತ್ತಿದ್ದರು ಅಂತ ತಿಳಿಯಬೇಕಾದರೆ, ಆ ವರ್ಷದ ಕ್ರಿಸ್‌ಮಸ್ ಕಂತಿಗೆ 3 ಕೋಟಿ ವೀಕ್ಷಕರು. ದೇಶದ ಅರ್ಧಕ್ಕರ್ಧ ಜನ.

ಕಾಲಿನ್ ಮತ್ತು ಬ್ಯಾರಿ ಏನು ಮಾಡಿದರು? ಅಡುಗೆ ಮಾಡಿದರು. ಪಾತ್ರೆ ತೊಳೆಯುವ ವಿಷಯಕ್ಕೆ ಮುನಿಸಿಕೊಂಡರು. ಅಚ್ಚುಕಟ್ಟಿನ ಕಾಲಿನ್‌ಗೂ ಗಜಿಬಿಜಿಯ ಬ್ಯಾರಿಗೂ ಹೊಂದಿಕೆ ಕಷ್ಟವೇ ಇತ್ತು. ಬ್ಯಾರಿಗೆ ಇಪ್ಪತ್ತೊಂದು ತುಂಬಿರಲಿಲ್ಲವಾದ್ದರಿಂದ ಕಾನೂನಿನ ಭಯ ಬೇರೆ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಮಾಡುವ ಡಾಟ್ ಕಾಟನ್, ಸದಾ ಸಿಗರೇಟು, ಸದಾ ಬೈಬಲ್ಲು, ಊರ ಉಸಾಬರಿಯೆಲ್ಲ ತನ್ನದೇ ಅನ್ನುವವಳು, ವಿಷಯ ತಿಳಿದು ಏಡ್ಸ್ ಬಂದೀತು ಅಂತ ಬೆದರಿದಳು. ಆಮೇಲೆ ಮೆಲ್ಲಗೆ, ಒಂದೊಂದೇ ಕಂತಿನಲ್ಲಿ, ಅವಳ ಹೆದರಿಕೆ ಇಳಿಯಿತು. ಒಂದು ಸಿನಿಮಾದಲ್ಲಿ ಇದನ್ನು ತೋರಿಸಿದರೆ ಡಾಟ್ ಎರಡು ದೃಶ್ಯದಲ್ಲಿ ಬದಲಾಗಬೇಕು, ಯಾರೂ ನಂಬುವುದಿಲ್ಲ. ಧಾರಾವಾಹಿಯಲ್ಲಿ ಅವಳಿಗೆ ತಿಂಗಳುಗಟ್ಟಲೆ ಸಮಯ ಇತ್ತು. ಅವಳ ಜೊತೆ ನೋಡುವವರಿಗೂ ಇತ್ತು. ಈ ಮಾಧ್ಯಮದ ಶಕ್ತಿ ಇರುವುದೇ ಇಲ್ಲಿ ಅಂತ ನನ್ನ ನಂಬಿಕೆ. ನೋಡುವವರು ಪಾತ್ರವನ್ನು ಒಪ್ಪಿಕೊಳ್ಳುವುದಕ್ಕೆ ಮುಂಚೆಯೇ ಅದು ಅಭ್ಯಾಸವಾಗಿಬಿಟ್ಟಿರುತ್ತದೆ.

1987ರಲ್ಲಿ ಕಾಲಿನ್ ಬ್ಯಾರಿಯ ಹಣೆಗೆ ಒಂದು ಮುತ್ತು ಕೊಟ್ಟ. ಅಷ್ಟೇ. ‘ದಿ ಸನ್’ ಪತ್ರಿಕೆ ಧಾರಾವಾಹಿಯ ಹೆಸರನ್ನೇ ತಿರುಚಿ ಹೀನಾಯ ತಲೆಬರಹ ಹಾಕಿತು. ಪಾರ್ಲಿಮೆಂಟಿನಲ್ಲೂ ದನಿ ಎದ್ದಿತು. ನನ್ನ ಪಕ್ಕದ ಮನೆ ಮುದುಕಿ ಬಿಸ್ಕತ್ತು ಕಚ್ಚಿ, ನಮ್ಮೆಜಮಾನ ಮೂವತ್ತು ವರ್ಷದಲ್ಲಿ ಅಷ್ಟೂ ಕೊಡಲಿಲ್ಲ ಕಣೇ ಎಂದು ನಿಟ್ಟುಸಿರು ಬಿಟ್ಟಳು. 1989ರ ಜನವರಿಯಲ್ಲಿ ಕಾಲಿನ್ ಗೈಡೋ ಎಂಬ ಹೊಸ ಗೆಳೆಯನಿಗೆ ತುಟಿಗೆ ಮುತ್ತಿಟ್ಟಾಗ ಮತ್ತೆ ಬೊಬ್ಬೆ. ಅಷ್ಟರಲ್ಲಿ ಅವನ ಪಾತ್ರ ಮುಗಿಯುತ್ತ ಬಂದಿತ್ತು. ಕಾಲಿನ್‌ಗೆ ಮೈ ಸರಿಯಿಲ್ಲ ಎಂದಾಗ ದೇಶವೆಲ್ಲ ಏಡ್ಸ್ ಅಂತ ತೀರ್ಮಾನ ಮಾಡಿ ಕೂತಿತ್ತು. ಬರಹಗಾರರು ಅದನ್ನು ನರಗಳ ಬೇರೊಂದು ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಮಾಡಿದರು. ಎರಡು ವರ್ಷದ ಮೇಲೆ ಎಚ್‌ಐವಿ ಬಂದದ್ದು ಮಾರ್ಕ್ ಫೌಲರ್ ಎಂಬ ಪಾತ್ರಕ್ಕೆ. ಅವನು ಗೇ ಅಲ್ಲ. ಈ ಅದಲುಬದಲು ಕಥೆಗಾರರ ಜಾಣತನ, ನನ್ನ ಲೆಕ್ಕದಲ್ಲಿ ದೊಡ್ಡ ಜಾಣತನ.

ಏಕೆಂದರೆ ಆಗಿನ ಗಾಳಿ ಹೇಗಿತ್ತು ಅಂತ ಈಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. 1987ರಲ್ಲಿ ಸರ್ಕಾರ ಏಡ್ಸ್ ಬಗ್ಗೆ ಮನೆಮನೆಗೂ ಕರಪತ್ರ ಹಾಕಿಸಿತು. ಟಿವಿಯಲ್ಲಿ ಕರೀ ಕಲ್ಲಿನ ಮೇಲೆ ಉಳಿಯಿಂದ ಅಕ್ಷರ ಕೊರೆಯುವ ಜಾಹೀರಾತು. ಕೊನೆಗೆ ನೋಡಿದರೆ ಅದು ಗೋರಿಯ ಕಲ್ಲು. ಹಿನ್ನೆಲೆಯ ದನಿ ಜಾನ್ ಹರ್ಟ್‌ನದು. ಹನ್ನೆರಡು ವರ್ಷದ ಹಿಂದೆ ಕ್ವೆಂಟಿನ್ ಕ್ರಿಸ್ಪ್ ಆಗಿ ತಲೆಯೆತ್ತಿ ನಡೆದಿದ್ದ ನಟನೇ ಈಗ ಎಲ್ಲರಿಗೂ ಸಾವಿನ ಎಚ್ಚರಿಕೆ ಹೇಳುತ್ತಿದ್ದ. ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಸಮೀಕ್ಷೆಯಲ್ಲಿ ಆ ವರ್ಷ ನೂರಕ್ಕೆ 64 ಜನ ಸಲಿಂಗ ಸಂಬಂಧ ಯಾವಾಗಲೂ ತಪ್ಪೇ ಎಂದಿದ್ದರು.

ಆಮೇಲೆ ಬಂತು ಸೆಕ್ಷನ್ 28. ಮಾರ್ಗರೆಟ್ ಥ್ಯಾಚರ್ ಸರ್ಕಾರದ ಕಾನೂನು, 1988ರ ಮೇ 24ರಿಂದ ಜಾರಿ. ಸ್ಥಳೀಯ ಆಡಳಿತಗಳು ಸಲಿಂಗ ಕಾಮವನ್ನು ಉತ್ತೇಜಿಸಕೂಡದು, ಅದೂ ಒಂದು ಸಂಸಾರ ಎಂಬಂತೆ ಶಾಲೆಗಳಲ್ಲಿ ಹೇಳಿಕೊಡಕೂಡದು. ಜಾರಿಗೆ ಹಿಂದಿನ ದಿನ ಸಂಜೆ ಆರರ ಬಿಬಿಸಿ ವಾರ್ತೆ ನೇರಪ್ರಸಾರ ಆಗುತ್ತಿದ್ದಾಗ ಕೆಲವು ಲೆಸ್ಬಿಯನ್ ಹೋರಾಟಗಾರ್ತಿಯರು ಸ್ಟುಡಿಯೋಗೆ ನುಗ್ಗಿದರು. ಸೂ ಲಾಲಿ ಎಂಬಾಕೆ ಏನೂ ಆಗದವಳ ಹಾಗೆ ಸುದ್ದಿ ಓದುತ್ತಲೇ ಇದ್ದಳು, ಜೊತೆಗಾರ ನಿಕಲಸ್ ವಿಚೆಲ್ ಒಬ್ಬಾಕೆಯನ್ನು ಅದುಮಿ ಹಿಡಿದು ಕೂತಿದ್ದ. ತೆರೆಯ ಮೇಲೆ ಕಂಡದ್ದು ಸುದ್ದಿ ಓದುವ ಮುಖ, ಕೇಳಿದ್ದು ಕೂಗಾಟ. ಅಲ್ಲಿಯ ತನಕ ಲೆಸ್ಬಿಯನ್ನರಿಗೆ ಟಿವಿಯಲ್ಲಿ ಸಿಕ್ಕಿದ ಜಾಗ ಎಷ್ಟು ಅಂತ ಕೇಳಿದರೆ ನಾನು ಆ ಕೂಗಾಟವನ್ನೇ ತೋರಿಸುತ್ತೇನೆ.

ಈ ಕಾನೂನು ಟಿವಿಗೆ ನೇರ ಅನ್ವಯ ಆಗುತ್ತಿರಲಿಲ್ಲ. ಆದರೂ ಶಾಲಾ ಮಕ್ಕಳಿಗೆಂದು ಬಿಬಿಸಿ ತಯಾರಿಸಿದ್ದ ‘ಟೂ ಆಫ್ ಅಸ್’ ಎಂಬ ಇಬ್ಬರು ಹುಡುಗರ ನಾಟಕ, ಮಸೂದೆಯ ಗಲಾಟೆಯಲ್ಲೇ, ಮಕ್ಕಳೆಲ್ಲ ಮಲಗಿದ ಮೇಲೆ ರಾತ್ರಿ ಪ್ರಸಾರವಾಯಿತು. ನಮ್ಮ ಲೈಬ್ರರಿಗಂತೂ ನೇರವಾಗಿಯೇ ತಟ್ಟಿತು, ಕೌನ್ಸಿಲ್ಲಿನದಲ್ಲವೇ. ಯಾವ ಪುಸ್ತಕ ತೆಗೆಯಿರಿ ಅಂತ ಯಾರೂ ಬರೆದು ಕೊಡಲಿಲ್ಲ. ಹೊಸ ಪುಸ್ತಕಗಳ ಪಟ್ಟಿ ಬಂದಾಗ ನಮ್ಮ ಮೇಲಿನವರು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಕೆಲವು ಹೆಸರಿನ ಮುಂದೆ ಸಣ್ಣ ಚುಕ್ಕೆ ಬೀಳುತ್ತಿತ್ತು, ಚುಕ್ಕೆ ಬಿದ್ದದ್ದು ಆರ್ಡರ್ ಆಗುತ್ತಿರಲಿಲ್ಲ. ಆ ಕಾನೂನು ಇದ್ದಷ್ಟು ಕಾಲ ಅದರಡಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅದಕ್ಕೆ ಶಿಕ್ಷೆ ಬೇಕಿರಲಿಲ್ಲ, ಪೆನ್ಸಿಲ್ ಸಾಕಾಗಿತ್ತು.

ಆ ಪೆನ್ಸಿಲ್ಲನ್ನು ಸೋಲಿಸಿದ್ದೂ ಟಿವಿಯೇ. 1990ರ ಜನವರಿಯಲ್ಲಿ ಬಿಬಿಸಿ2 ‘ಆರೆಂಜಸ್ ಆರ್ ನಾಟ್ ದಿ ಓನ್ಲಿ ಫ್ರೂಟ್’ ಎಂಬ ಮೂರು ಕಂತಿನ ಧಾರಾವಾಹಿ ತೋರಿಸಿತು. ಜೆನೆಟ್ ವಿಂಟರ್‌ಸನ್ ತಮ್ಮ ಕಾದಂಬರಿಯನ್ನು ತಾವೇ ಟಿವಿಗೆ ಬರೆದದ್ದು. ಕಟ್ಟಾ ಧರ್ಮಶ್ರದ್ಧೆಯ ಸಾಕುತಾಯಿ, ಇನ್ನೊಂದು ಹುಡುಗಿಯನ್ನು ಪ್ರೀತಿಸುವ ಮಗಳು, ಭೂತ ಬಿಡಿಸಲು ನಿಂತ ಸಭೆ. ವಿಂಟರ್‌ಸನ್ ಬೆಳೆದ ಅಕ್ರಿಂಗ್ಟನ್ ನಮ್ಮೂರಿಗೆ ದೂರವೇನಲ್ಲ, ಅದೇ ಗಿರಣಿ ಸೀಮೆ, ಅದೇ ಮಾತು. ಮಾರನೆಯ ವಾರ ಲೈಬ್ರರಿಯಲ್ಲಿ ಆ ಪುಸ್ತಕಕ್ಕೆ ಕಾಯುವವರ ಪಟ್ಟಿ ಬೆಳೆಯತೊಡಗಿತು. ಕಾಯುತ್ತಿದ್ದವರು ಹುಡುಗಿಯರೇ ಅಂದುಕೊಳ್ಳಬೇಡಿ. ಮಳೆಗೆ ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಂಡು, ಕೈಚೀಲದಲ್ಲಿ ಕೋಸು ಆಲೂಗಡ್ಡೆ ಇಟ್ಟುಕೊಂಡು ಬರುತ್ತಿದ್ದ ಅಜ್ಜಿಯರು. ನಮ್ಮೂರಿನ ಪ್ರಾರ್ಥನಾ ಮಂದಿರದ ಕಥೆ ಯಾರೋ ಬರೆದಿದ್ದಾಳಂತಲ್ಲ ಅಂತ ಕೇಳುತ್ತಿದ್ದರು. ಪುಸ್ತಕಕ್ಕೆ 1985ರಲ್ಲೇ ವಿಟ್‌ಬ್ರೆಡ್ ಪ್ರಶಸ್ತಿ ಬಂದಿದ್ದರಿಂದ ಕಪಾಟಿನಲ್ಲಿ ಮೊದಲೇ ಸೇರಿಕೊಂಡಿತ್ತು. ಇನ್ನಷ್ಟು ಪ್ರತಿ ತರಿಸಬೇಕಾಯಿತು. ಆ ಬಾರಿ ಯಾರೂ ಚುಕ್ಕೆ ಹಾಕಲಿಲ್ಲ.

1994ರ ಜನವರಿಯ ‘ಬ್ರೂಕ್‌ಸೈಡ್’ ಮುತ್ತು ಈ ದೇಶದಲ್ಲಿ ಎಲ್ಲರಿಗೂ ಗೊತ್ತಿರುವಂಥದು. ಲಿವರ್‌ಪೂಲಿನ ಈ ಧಾರಾವಾಹಿ 1985ರಲ್ಲೇ ಗಾರ್ಡನ್ ಕಾಲಿನ್ಸ್ ಎಂಬ ಹುಡುಗ ಗೇ ಅಂತ ತೋರಿಸಿತ್ತು. ಈಗ ಬೆತ್ ಮತ್ತು ಮಾರ್ಗರೆಟ್ ಎಂಬ ಹುಡುಗಿಯರು ಒಬ್ಬರಿಗೊಬ್ಬರು ಮುತ್ತಿಟ್ಟರು. ಶನಿವಾರದ ಮರುಪ್ರಸಾರದಲ್ಲಿ ಮುತ್ತನ್ನು ಕತ್ತರಿಸಿದರು. ಹದಿನೆಂಟು ವರ್ಷದ ಮೇಲೆ 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅದರ ನಿರ್ದೇಶಕ ಡ್ಯಾನಿ ಬಾಯ್ಲ್ ಅದೇ ತುಣುಕನ್ನು ಸೇರಿಸಿ ಜಗತ್ತಿಗೆಲ್ಲ ತೋರಿಸಿದ. ಇದನ್ನು ಸಂಭ್ರಮದಿಂದ ನೆನೆಯುವವರು ಒಂದು ವಿಷಯ ಮರೆಯುತ್ತಾರೆ. ಆ ಬೆತ್‌ಳನ್ನು 1995ರಲ್ಲೇ ಜೈಲಿನಲ್ಲಿ ಸಾಯಿಸಿದರು. ಹೃದಯದ ತೊಂದರೆಯಂತೆ, ಸತ್ತದ್ದನ್ನು ತೆರೆಯ ಮೇಲೆ ಸರಿಯಾಗಿ ತೋರಿಸಲೂ ಇಲ್ಲ. ಟಿವಿಯಲ್ಲಿ ಹೆಣ್ಣನ್ನು ಪ್ರೀತಿಸಿದ ಹೆಣ್ಣಿಗೆ ಆಯುಸ್ಸು ಕಡಿಮೆ.

ಮ್ಯಾಂಚೆಸ್ಟರಿಗೆ ಮತ್ತೆ ಬರೋಣ. ಗ್ರನಾಡಾದಲ್ಲಿ ಪಳಗಿದ ರಸೆಲ್ ಟಿ. ಡೇವಿಸ್ ಎಂಬ ಬರಹಗಾರ ಬರೆದ ‘ಕ್ವಿಯರ್ ಆ್ಯಸ್ ಫೋಕ್’ ಧಾರಾವಾಹಿ 1999ರ ಫೆಬ್ರವರಿಯಲ್ಲಿ ಚಾನೆಲ್ 4ರಲ್ಲಿ ಬಂತು. ಕಾಲುವೆ ಪಕ್ಕದ ಕೆನಾಲ್ ಸ್ಟ್ರೀಟಿನ ಬಾರುಗಳು, ಸ್ಟುವರ್ಟ್, ವಿನ್ಸ್, ಹದಿನೈದರ ನೇಥನ್. ಇಲ್ಲಿ ಯಾರೂ ಒಳ್ಳೆಯವರಾಗುವ ಗೋಜಿಗೆ ಹೋಗಲಿಲ್ಲ. ಕಾಲಿನ್ ಪಾಪ, ಇಡೀ ಸಮುದಾಯದ ಮರ್ಯಾದೆ ತನ್ನ ಮೇಲಿದೆ ಅನ್ನುವ ಹಾಗೆ ನಡೆದುಕೊಳ್ಳುತ್ತಿದ್ದ. ಸ್ಟುವರ್ಟ್ ಸ್ವಾರ್ಥಿ, ದುಡ್ಡಿನ ಮದ, ಕಂಡವರ ಜೊತೆ ಮಲಗುತ್ತಾನೆ. ಪ್ರಾಯೋಜಕರಾಗಿದ್ದ ಬೆಕ್ಸ್ ಬಿಯರಿನವರು ಹಿಂದೆ ಸರಿದರು. ಅಷ್ಟು ಬಿಚ್ಚುಮಾತು ನನಗೆ ಹಿಡಿಸಲಿಲ್ಲ, ಪೂರ್ತಿ ನೋಡಲಿಲ್ಲ. ಆದರೆ ಕೆಟ್ಟವನಾಗುವ ಹಕ್ಕು ಸಿಗದೆ ಯಾವ ಪಾತ್ರವೂ ಮನುಷ್ಯನಾಗುವುದಿಲ್ಲ ಅನ್ನುವುದನ್ನು ಡೇವಿಸ್ ಬಲ್ಲವನಾಗಿದ್ದ.

ಕೊನೆಗೂ 2003ರ ಅಕ್ಟೋಬರಿನಲ್ಲಿ ಕೊರೊನೇಷನ್ ಸ್ಟ್ರೀಟಿನ ಟಾಡ್ ಎಂಬ ಹುಡುಗ, ನಿದ್ದೆ ಹೋಗಿದ್ದ ನಿಕ್ ಎಂಬವನಿಗೆ ಮುತ್ತಿಟ್ಟ. ಮರುತಿಂಗಳು, ನವೆಂಬರ್ 18ಕ್ಕೆ, ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಸೆಕ್ಷನ್ 28 ರದ್ದಾಯಿತು. ಸ್ಕಾಟ್ಲೆಂಡಿನವರು ಮೂರು ವರ್ಷ ಮೊದಲೇ ಕಿತ್ತು ಹಾಕಿದ್ದರು. ವಾರೆನ್ ಇದನ್ನು ನೋಡಲು ಬದುಕಿದ್ದ. ತೀರಿಕೊಂಡದ್ದು 2016ರಲ್ಲಿ.

ನಮ್ಮಂಥವರ ಮನೆಯೊಳಗೆ ಕಥೆ ಬಂದದ್ದು 2009ರಲ್ಲಿ. ಈಸ್ಟ್‌ಎಂಡರ್ಸ್‌ನ ಮಸೂದ್ ಮನೆತನ, ಪಾಕಿಸ್ತಾನಿ ಮೂಲದ ಮುಸ್ಲಿಮರು. ಹಿರಿಮಗ ಸೈಯದ್‌ಗೆ ಕ್ರಿಶ್ಚಿಯನ್ ಎಂಬ ಹೆಸರಿನ ಬಿಳಿಯನ ಮೇಲೆ ಪ್ರೀತಿ, ಮನೆಯಲ್ಲಿ ಅಮೀರಾ ಎಂಬ ಹುಡುಗಿಯ ಜೊತೆ ನಿಶ್ಚಯ. ತಾಯಿ ಝೈನಬ್‌ಳಾಗಿ ಮುಂಬೈಯಲ್ಲಿ ಹುಟ್ಟಿದ ನೀನಾ ವಾಡಿಯಾ. 2010ರ ಹೊಸವರ್ಷದ ದಿನ ಮದುವೆ ನಡೆದೇ ಹೋಯಿತು. ಝೈನಬ್‌ಳ ಮುಖ ನೋಡುತ್ತಿದ್ದರೆ ನನ್ನ ಸೋದರತ್ತೆ ನೆನಪಾಗುತ್ತಿದ್ದಳು. ಮಗನ ಮನಸ್ಸಿಗಿಂತ ಮಸೀದಿಯಲ್ಲಿ ಪಕ್ಕ ಕೂರುವ ಹೆಂಗಸರು ನಾಳೆ ಏನಂದಾರು ಎಂಬುದೇ ಆಕೆಗೆ ದೊಡ್ಡದು. ಬಣ್ಣಬಣ್ಣದ ಬಟ್ಟೆ, ಬಿರಿಯಾನಿ, ನೆಂಟರ ಗದ್ದಲ, ನಡುವೆ ಮೋರೆ ಬಿಳಿಚಿಕೊಂಡ ಗಂಡು. ಇಂಥ ಮದುವೆಮನೆಗಳಲ್ಲಿ ನಾವೂ ಅಕ್ಷತೆ ಹಾಕಿ ಬಂದಿದ್ದೇವೆ. ಆ ಹುಡುಗಿಯರ ಗತಿ ಏನಾಯಿತು ಅಂತ ಎಷ್ಟು ಜನ ಕೇಳಿದ್ದೇವೆ? ಅಮೀರಾಳ ಸಂಕಟವನ್ನು ಧಾರಾವಾಹಿ ಬಿಡದೆ ತೋರಿಸಿತು, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಮೂರು ವರ್ಷ ನಡೆದ ಕಥೆ, 2012ರ ನವೆಂಬರಿನಲ್ಲಿ ಸೈಯದ್ ಮತ್ತು ಕ್ರಿಶ್ಚಿಯನ್ ಒಂದಾಗಿ, ಮಗಳು ಯಾಸ್ಮಿನ್‌ಳನ್ನು ಎತ್ತಿಕೊಂಡು ಚೌಕ ಬಿಡುವುದರೊಂದಿಗೆ ಮುಗಿಯಿತು. ಇಬ್ಬರೂ ಬದುಕಿದ್ದರು ಅನ್ನುವುದೇ ವಿಶೇಷ. ಅದೇ ವರ್ಷದ ಸಮೀಕ್ಷೆಯಲ್ಲಿ, ಯಾವಾಗಲೂ ತಪ್ಪು ಎಂದವರ ಸಂಖ್ಯೆ ನೂರಕ್ಕೆ 22ಕ್ಕೆ ಇಳಿದಿತ್ತು. ಇದೆಲ್ಲ ಟಿವಿಯಿಂದಲೇ ಆಯಿತು ಅನ್ನಲಾರೆ. ಬೀದಿಯಲ್ಲಿ ನಿಂತು ಕೂಗಿದವರು, ಕೋರ್ಟಿಗೆ ಹೋದವರು, ಅಪ್ಪ ಅಮ್ಮನೆದುರು ಬಾಯಿಬಿಟ್ಟು ಹೇಳಿದವರು ಎಲ್ಲರ ಪಾಲೂ ಇದೆ. ಕಾಲಿನ್ ಪಾತ್ರದ ಕ್ಯಾಶ್‌ಮನ್ ಕೂಡ 1989ರಲ್ಲಿ ಸ್ಟೋನ್‌ವಾಲ್ ಎಂಬ ಸಂಸ್ಥೆ ಕಟ್ಟಿದವರಲ್ಲೊಬ್ಬರು, ಆಮೇಲೆ ಯುರೋಪಿಯನ್ ಪಾರ್ಲಿಮೆಂಟಿಗೆ, ಅಲ್ಲಿಂದ ಲಾರ್ಡ್ಸ್ ಸಭೆಗೆ ಹೋದರು.

2021ರಲ್ಲಿ ಡೇವಿಸ್ ಬರೆದ ‘ಇಟ್ಸ್ ಎ ಸಿನ್’ ಧಾರಾವಾಹಿ ಬಂದಾಗ ನಾನು ನಿವೃತ್ತಳಾಗಿದ್ದೆ. ಎಂಬತ್ತರ ದಶಕದ ಲಂಡನ್, ಏಡ್ಸ್‌ಗೆ ಒಬ್ಬೊಬ್ಬರೇ ಬಲಿಯಾಗುವ ಹುಡುಗರು. ಅದರಲ್ಲಿ ಆ್ಯಶ್ ಮುಖರ್ಜಿ ಎಂಬ ನಮ್ಮ ಕಡೆಯ ಹುಡುಗನೂ ಇದ್ದಾನೆ, ಶಾಲೆಯೊಂದರಲ್ಲಿ ಕೆಲಸ. ಸೆಕ್ಷನ್ 28ಕ್ಕೆ ವಿರುದ್ಧವಾದ ಪುಸ್ತಕಗಳನ್ನೆಲ್ಲ ಲೈಬ್ರರಿಯಿಂದ ಹುಡುಕಿ ತೆಗೆಯಲು ಅವನಿಗೆ ಹೇಳುತ್ತಾರೆ. ಅವನು ಕಪಾಟು ಕಪಾಟು ಜಾಲಾಡಿ, ತೆಗೆಯಲು ಒಂದೇ ಒಂದು ಪುಸ್ತಕವೂ ಇಲ್ಲ ಎಂದು ಬಂದು ಹೇಳುತ್ತಾನೆ. ನಮ್ಮ ಮನೆಯಲ್ಲಿ ಆ ದೃಶ್ಯಕ್ಕೆ ಯಾರೂ ಕಾಫಿ ಬೆರೆಸಲು ಏಳಲಿಲ್ಲ.

ಅತ್ತ ಭಾರತದಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ ಸೆಕ್ಷನ್ 377 ಅನ್ನು 1860ರ ದಂಡಸಂಹಿತೆಯಲ್ಲಿ ಬರೆದಿಟ್ಟು ಹೋದವರು ಇದೇ ಬ್ರಿಟಿಷರು. ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿತ ಸಂಬಂಧವನ್ನು ಅದರ ಹಿಡಿತದಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೂ ಮುಂಚೆ, 2010ರಲ್ಲೇ, ಸ್ಟಾರ್ ಪ್ಲಸ್‌ನ ‘ಮರ್ಯಾದಾ’ ಎಂಬ ಹಿಂದಿ ಧಾರಾವಾಹಿ ಶ್ರೀಮಂತ ಕೂಡುಕುಟುಂಬದಲ್ಲಿ ಗೇ ಗಂಡನೊಬ್ಬನನ್ನು ಧೈರ್ಯವಾಗಿ ತಂದಿತ್ತು. ಈಗ ನಮ್ಮ ಮನೆಯಲ್ಲಿ ಆ್ಯಪ್ ಮೂಲಕ ಸಂಜೆಯೆಲ್ಲ ಕನ್ನಡ ಧಾರಾವಾಹಿಗಳೇ. ದೊಡ್ಡ ಮನೆ, ಅಜ್ಜಿ, ಮೂರು ಸೊಸೆಯಂದಿರು, ಅಡುಗೆಯವಳು, ಡ್ರೈವರ್, ದೂರದ ಮಾವ ಎಲ್ಲರೂ ಇರುತ್ತಾರೆ. ನಾನು ನೋಡುವ ಯಾವ ಮನೆಯಲ್ಲೂ ಒಬ್ಬ ಕಾಲಿನ್ ಇಲ್ಲ.

ಆದ್ದರಿಂದ ಕನ್ನಡದಲ್ಲಿ ಧಾರಾವಾಹಿ ಬರೆಯುವ ತಮ್ಮಂದಿರಲ್ಲಿ, ತಂಗಿಯರಲ್ಲಿ ಈ ಮುದುಕಿಯದೊಂದು ಕೋರಿಕೆ. ಮುತ್ತು ಬೇಡ, ನಿಮ್ಮಲ್ಲಿ ಗಂಡಹೆಂಡಿರಿಗೂ ಅದು ಸಿಗುವುದಿಲ್ಲ. ಭಾಷಣವೂ ಬೇಡ. ಮಹಡಿಯ ಮೇಲಿನ ಮನೆ ಖಾಲಿಯಿದೆಯಲ್ಲ, ಅಲ್ಲಿಗೆ ಇಬ್ಬರನ್ನು ಬಾಡಿಗೆಗೆ ಕರೆತನ್ನಿ. ನೀರು ಬರಲಿಲ್ಲ ಅಂತ ಓನರ್ ಜೊತೆ ಜಗಳ ಆಡಲಿ, ಹಬ್ಬಕ್ಕೆ ಕೆಳಗಿನ ಮನೆಗೆ ಒಬ್ಬಟ್ಟು ಕೊಟ್ಟು ಬರಲಿ, ಅಜ್ಜಿ ಅವರನ್ನು ಆರು ತಿಂಗಳು ಮಾತಾಡಿಸದೇ ಇದ್ದು ಆಮೇಲೆ ಮಾತಾಡಿಸಲಿ. ನಿಮ್ಮ ಹತ್ತಿರ ಸಾವಿರ ಕಂತು ಇವೆ, ಅವಸರ ಇಲ್ಲ. ಮತ್ತೆ ದಯವಿಟ್ಟು, ಟಿಆರ್‌ಪಿ ಬಿದ್ದ ವಾರ ಅವರನ್ನು ಲಾರಿಗೆ ಸಿಕ್ಕಿಸಿ ಸಾಯಿಸಬೇಡಿ.